ಸೀಸದ ಗುಂಡು, ಅದರ ಮೇಲಿನ ಲೇಪ, ಮತ್ತು ಕೊಡಗಿನ ಕೋವಿ

ಇಯರ್‌ಫೋನ್ ಹಾಕ್ಕೊಂಡ್ರಾ? ಸರಿ, ಶುರು ಮಾಡೋಣ.

ಹೋದ ತಿಂಗಳು ಒಂದು ವಾಯ್ಸ್ ನೋಟ್ ಬಂತು. ಕಳಿಸಿದ್ದು ನನ್ನ ಸ್ಕೂಲ್ ಫ್ರೆಂಡ್. ಗೋಣಿಕೊಪ್ಪದವನು, ಈಗ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾನೆ. ಅಲ್ಲಿ ಶೂಟಿಂಗ್ ಕ್ಲಬ್ ಸೇರಿದ್ದಾನೆ. ಖಾಲಿ ತೋಟಾಗಳನ್ನ ಎಸೆಯದೆ, ಮತ್ತೆ ಮದ್ದು ತುಂಬಿ, ಹೊಸ ಗುಂಡು ಕೂರಿಸಿ ಬಳಸೋದು ಅಲ್ಲಿ ಕಾನೂನುಬದ್ಧ ಹವ್ಯಾಸ. ಅದಕ್ಕೆ ರೀಲೋಡಿಂಗ್ ಅಂತಾರೆ. ಅವನ ಸಮಸ್ಯೆ ಇಷ್ಟೇ: "ಮಗಾ, ಪಿಸ್ತೂಲಿಗೆ ಅಂತ ಬಣ್ಣದ ಲೇಪ ಇರೋ ಸೀಸದ ಗುಂಡು ತಗೊಂಡೆ. ಎಷ್ಟು ಮದ್ದು ಹಾಕ್ಬೇಕು ಅಂತ ಪುಸ್ತಕದಲ್ಲಿ ನೋಡಿದ್ರೆ, ಬರೀ ಸೀಸಕ್ಕೆ ಒಂದು ಲೆಕ್ಕ ಇದೆ, ತಾಮ್ರದ ಕವಚ ಇರೋದಕ್ಕೆ ಇನ್ನೊಂದು ಲೆಕ್ಕ ಇದೆ. ಲೇಪ ಇರೋದಕ್ಕೆ ಏನೂ ಇಲ್ಲ. ಯಾವುದು ಫಾಲೋ ಮಾಡ್ಲಿ?"

ನಾನು ಬಿಕಾಂ ಓದಿದವನು. ನಂಗೆ ಗೊತ್ತಿರೋ ಲೋಡ್ ಅಂದ್ರೆ ಲಾರಿ ಲೋಡ್. ಆದ್ರೆ ಆ ಪ್ರಶ್ನೆ ತಲೇಲಿ ಕೂತ್ಕೊಂಡ್ಬಿಡ್ತು. ಹುಡುಕುತ್ತಾ ಹೋದ್ರೆ, ಸೀಸದ ಗುಂಡಿನ ಮೇಲಿನ ಈ ಲೇಪದ ಕತೆ ಸುತ್ತಿ ಸುತ್ತಿ ನಮ್ಮ ಕೊಡಗಿಗೇ ಬಂದು ನಿಲ್ತು. ಇವತ್ತಿನ ಎಪಿಸೋಡ್ ಅದೇ.

ಮೊದಲು "ಎಷ್ಟು ಮದ್ದು" ಅನ್ನೋ ಲೆಕ್ಕ ಎಲ್ಲಿಂದ ಬಂತು ನೋಡೋಣ. 1742ರಲ್ಲಿ ಬೆಂಜಮಿನ್ ರಾಬಿನ್ಸ್ ಅನ್ನೋ ಇಂಗ್ಲಿಷ್ ಗಣಿತಜ್ಞ ಒಂದು ಪುಸ್ತಕ ಬರೆದ. ತೂಗಾಡೋ ಒಂದು ಭಾರದ ಲೋಲಕಕ್ಕೆ ಗುಂಡು ಹೊಡೆದು, ಅದು ಎಷ್ಟು ದೂರ ಹಿಂದಕ್ಕೆ ತೂಗಿತು ಅಂತ ಅಳೆದು, ಅದರಿಂದ ಗುಂಡಿನ ವೇಗ ಲೆಕ್ಕ ಹಾಕಿದ. ಅಲ್ಲಿವರೆಗೆ ಗುಂಡು ಎಷ್ಟು ಜೋರಾಗಿ ಹೋಗುತ್ತೆ ಅನ್ನೋದು ಬಹುಪಾಲು ಅಂದಾಜು. ಈತ ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಆಗಿ ಬಂದು, 1751ರಲ್ಲಿ ಸತ್ತಿದ್ದು ನಮ್ಮ ಪಕ್ಕದ ತಮಿಳುನಾಡಿನ ಕಡಲೂರಿನಲ್ಲಿ, ಫೋರ್ಟ್ ಸೇಂಟ್ ಡೇವಿಡ್ ಕೋಟೆಯಲ್ಲಿ. ನನ್ನ ಫ್ರೆಂಡ್ ನೋಡೋ ಪುಸ್ತಕದ ಒಂದೊಂದು ಅಂಕಿಯೂ ಈ ಮನುಷ್ಯನ ಮೊಮ್ಮಗು ಇದ್ದಂಗೆ.

ಈಗ ಲೇಪದ ವಿಷಯ. ಸೀಸ ಮೆತ್ತಗಿನ ಲೋಹ. ಒಲೆ ಮೇಲೆ ಕರಗುತ್ತೆ, ಅಚ್ಚಿಗೆ ಹೊಯ್ದರೆ ಗುಂಡು ರೆಡಿ. ಆದ್ರೆ ನಳಿಕೆಯೊಳಗೆ ಸುರುಳಿ ಗೆರೆ, ಅಂದ್ರೆ ರೈಫ್ಲಿಂಗ್ ಇದ್ದಾಗ ಮೆತ್ತಗಿನ ಸೀಸ ಉಜ್ಜಿಕೊಂಡು ಗೆರೆಗಳಲ್ಲಿ ಮೆತ್ತಿಕೊಳ್ಳುತ್ತೆ. ಮೇಲಿಂದ ಕರಿಮದ್ದಿನ ಮಸಿ ಬೇರೆ. ನಾಲ್ಕು ಸುತ್ತು ಹೊಡೆಯೋದ್ರೊಳಗೆ ನಳಿಕೆ ಕಟ್ಟಿಕೊಂಡು, ಮುಂದಿನ ಗುಂಡು ಒಳಗೆ ಇಳಿಯೋದೇ ಕಷ್ಟ. ಅದಕ್ಕೇ ಜಿಡ್ಡು ಬೇಕು.

ಬ್ರಿಟಿಷರ 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ಲಿನ ಗುಂಡು 530 ಗ್ರೇನ್ ತೂಕದ ಸೀಸ, ಸುಮಾರು 34 ಗ್ರಾಂ. ಅದರ ಹಿಂದೆ ಎರಡೂವರೆ ಡ್ರಾಮ್ ಕರಿಮದ್ದು, ಅಂದ್ರೆ ನಾಲ್ಕೂವರೆ ಗ್ರಾಂ ಹತ್ತಿರ. ಎರಡನ್ನೂ ಕಾಗದದಲ್ಲಿ ಸುತ್ತಿ, ಗುಂಡಿನ ತುದಿಗೆ ಜಿಡ್ಡು ಸವರಿರ್ತಿದ್ರು. ಸಿಪಾಯಿ ಕಾಗದವನ್ನ ಹಲ್ಲಲ್ಲಿ ಕಚ್ಚಿ ಹರೀಬೇಕು, ಮದ್ದು ಸುರೀಬೇಕು, ಗುಂಡು ಇಳಿಸಬೇಕು.

ಆಮೇಲಿನ ಕತೆ ಎಂಟನೇ ಕ್ಲಾಸಿನಲ್ಲಿ ಎಲ್ಲರೂ ಓದಿದ್ದೀವಿ. ಆ ಜಿಡ್ಡು ದನದ್ದೋ ಹಂದಿಯದ್ದೋ ಅನ್ನೋ ಸುದ್ದಿ 1857ರ ಜನವರಿಯಲ್ಲಿ ಕಲ್ಕತ್ತೆ ಹತ್ತಿರದ ಡಮ್ ಡಮ್‌ನಲ್ಲಿ ಹಬ್ಬಿತು. ಮಾರ್ಚ್ 29ಕ್ಕೆ ಬ್ಯಾರಕ್‌ಪುರದಲ್ಲಿ ಮಂಗಲ್ ಪಾಂಡೆ, ಮೇ 10ಕ್ಕೆ ಮೀರತ್. ದಂಗೆಗೆ ಕಾರಣ ಅದೊಂದೇ ಅಲ್ಲ, ಭೂಮಿ, ಸಂಬಳ, ರಾಜ್ಯ ಕಿತ್ಕೊಂಡಿದ್ದು ಎಲ್ಲಾ ಇತ್ತು. ಆದ್ರೆ ಕಿಡಿ ಹೊತ್ತಿದ್ದು ಸೀಸದ ಗುಂಡಿನ ಮೇಲಿನ ಲೇಪದಿಂದ. ಜೇನುಮೇಣ ಮತ್ತು ಎಣ್ಣೆಯಿಂದಲೂ ಆ ಕೆಲಸ ಆಗ್ತಿತ್ತು. ಆ ಬದಲಾವಣೆ ಮಾಡೋಣ ಅಂತ ಹೊರಟಾಗ ಹೊತ್ತು ಮೀರಿತ್ತು, ಯಾರಿಗೂ ನಂಬಿಕೆ ಉಳಿದಿರಲಿಲ್ಲ.

ದಂಗೆ ಮುಗಿದ ಮೇಲೆ ಬ್ರಿಟಿಷರು ಮಾಡಿದ ಮುಖ್ಯ ಕೆಲಸ ಏನು? ಜನರ ಕೈಯಿಂದ ಆಯುಧ ಕಿತ್ಕೊಂಡಿದ್ದು. ನಿಶ್ಶಸ್ತ್ರೀಕರಣ ಕಾಯ್ದೆ ಬಂತು. ಕೊಡಗು ಅಷ್ಟೊತ್ತಿಗೆ ಅವರ ಕೈಯಲ್ಲೇ ಇತ್ತು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನ ಇಳಿಸಿ ರಾಜ್ಯ ತಗೊಂಡಿದ್ರು. ಹಾಗಾದ್ರೆ ಕೊಡಗಿನ ಕೋವಿಗಳೂ ಹೋಗಬೇಕಿತ್ತು, ಅಲ್ವಾ? ಹೋಗಲಿಲ್ಲ. 1861ರ ಫೆಬ್ರವರಿಯಲ್ಲಿ ಮೈಸೂರು ಮತ್ತು ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್ ಒಂದು ಪ್ರಕಟಣೆ ಹೊರಡಿಸಿದ. ಬೆಂಗಳೂರಲ್ಲಿ ಪಾರ್ಕ್ ಇದ್ಯಲ್ಲ, ಅದೇ ಕಬ್ಬನ್. ಕೊಡಗಿನವರ ನಿಷ್ಠೆ, ಶೌರ್ಯ, ಸರ್ಕಾರಕ್ಕೆ ಮಾಡಿದ ಸಹಾಯ ಪರಿಗಣಿಸಿ ಆ ಕಾಯ್ದೆ ಕೊಡಗಿಗೆ ಅನ್ವಯಿಸಲ್ಲ ಅಂತ ಅದರ ಸಾರ.

ಇಲ್ಲಿ ಒಂದು ನಿಮಿಷ ನಿಲ್ಲೋಣ. "ಸಹಾಯ" ಅಂದ್ರೆ ಏನು? 1837ರಲ್ಲಿ ಸುಳ್ಯ, ಪುತ್ತೂರು, ಕೊಡಗಿನ ಕಡೆ ಬ್ರಿಟಿಷರ ವಿರುದ್ಧ ದೊಡ್ಡ ಬಂಡಾಯ ಆಯ್ತು. ಅಮರ ಸುಳ್ಯದ ದಂಗೆ ಅಂತೀವಲ್ಲ, ಅದು. ಅದನ್ನ ಅಡಗಿಸೋಕೆ ನೆರವಾದ ಕೊಡಗಿನವರಿಗೆ ಕಂಪನಿ ಸರ್ಕಾರ ಪದಕ ಕೊಟ್ಟಿತು. ಅದೇ ದಂಗೆಯ ನಾಯಕ ಗುಡ್ಡೆಮನೆ ಅಪ್ಪಯ್ಯ ಗೌಡರನ್ನ ಮಡಿಕೇರಿ ಕೋಟೆ ಹತ್ತಿರ ಗಲ್ಲಿಗೇರಿಸಿದ್ರು. ಒಂದೇ ನೆಲ, ಒಂದೇ ವರ್ಷ. ಒಬ್ಬರ ಎದೆಗೆ ಪದಕ, ಇನ್ನೊಬ್ಬರ ಕುತ್ತಿಗೆಗೆ ಹಗ್ಗ. ನಾನು ಯಾರನ್ನೂ ದೂರೋಕೆ ಇದನ್ನ ಹೇಳ್ತಿಲ್ಲ. ನಮ್ಮ ಊರಿನ ಕೋವಿ ಹಕ್ಕಿನ ಹಿಂದೆ ಹಬ್ಬ, ಶೌರ್ಯದ ಜೊತೆಗೆ ಈ ಲೆಕ್ಕವೂ ಇದೆ. ಒಂದು ಕಡೆ ಜಮಾ ಆಗಿದ್ರೆ ಇನ್ನೊಂದು ಕಡೆ ಖರ್ಚು ಇದ್ದೇ ಇರುತ್ತೆ.

ಸ್ವಾತಂತ್ರ್ಯ ಬಂದ ಮೇಲೆ 1959ರ ಆಯುಧ ಕಾಯ್ದೆಯಡಿ ಕೇಂದ್ರ ಸರ್ಕಾರ ಈ ವಿನಾಯಿತಿ ಮುಂದುವರಿಸಿತು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ. ಜಮ್ಮಾ ಅಂದ್ರೆ ರಾಜರ ಕಾಲದಲ್ಲಿ ಸೈನ್ಯದ ಸೇವೆಗೆ ಬದಲಾಗಿ ಕಡಿಮೆ ಕಂದಾಯಕ್ಕೆ ಕೊಟ್ಟ ಪಿತ್ರಾರ್ಜಿತ ಜಮೀನು. ಆ ಅಧಿಸೂಚನೆಯಲ್ಲಿ ಒಂದು ಸಾಲು ನಂಗೆ ತುಂಬಾ ಹಿಡಿಸ್ತು. ಕೊಡಗಿನ ಹೊರಗೆ ಹೋಗುವಾಗ ಒಂದು ರೈಫಲ್, ಅದಕ್ಕೆ 100 ತೋಟಾ. ಒಂದು ಸಾದಾ ನಳಿಕೆಯ ಕೋವಿ, ಅದಕ್ಕೆ 500 ತೋಟಾ, ಇಲ್ಲಾ ಅಷ್ಟಕ್ಕೆ ಸಮನಾದ ಸೀಸ ಮತ್ತು ಮದ್ದು. ನೋಡಿ, ಕೈಯಲ್ಲಿ ಸೀಸ, ಮದ್ದು ತುಂಬೋ ಮನುಷ್ಯ ಸರ್ಕಾರಿ ಕಾಗದದಲ್ಲೇ ಕೂತಿದ್ದಾನೆ!

ಆ ಮನುಷ್ಯನನ್ನ ನಾನು ನೋಡಿದ್ದೀನಿ. ನನ್ನ ಫ್ರೆಂಡ್‌ನ ಅಜ್ಜ. ಕೈಲ್‌ಪೊಳ್ದ್ ಹಬ್ಬಕ್ಕೆ, ಸೆಪ್ಟೆಂಬರ್ ಶುರುವಿಗೆ, ಅವರ ಐನ್‌ಮನೆಯಲ್ಲಿ ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡ್ತಿದ್ರು. ತೋಕ್ ಅಂದ್ರೆ ಕೋವಿ. ಆ ಕೆಂಪು ಹಳದಿ ಹೂವಿಗೆ ಹೆಸರೇ ಕೋವಿ ಹೂವು. ಆಮೇಲೆ ತೆಂಗಿನಕಾಯಿಗೆ ಗುರಿ. ಅಜ್ಜ ಹೇಳ್ತಿದ್ರು, ಅವರ ಕಾಲದಲ್ಲಿ ಸೌಟಿನಲ್ಲಿ ಸೀಸ ಕರಗಿಸ್ತಿದ್ರಂತೆ, ಮದ್ದು ಅಳೆಯೋಕೆ ಕೊಂಬಿನ ಅಳತೆ ಇತ್ತಂತೆ. ಗಂಡು ಮಗು ಹುಟ್ಟಿದ್ರೆ ಒಂದು ಗುಂಡು, ಸಾವಾದ್ರೆ ಎರಡು. ಅಜ್ಜನ ಬಲಗೈ ಹೆಬ್ಬೆರಳ ತುದಿ ಇರಲಿಲ್ಲ. ಒಂದ್ಸಲ ಕೇಳಿದ್ದಕ್ಕೆ, "ಅಳತೆ ಮರೆತೆ, ಅಂದಾಜಿಗೆ ಹಾಕ್ದೆ" ಅಂದ್ರು. ಅಷ್ಟೇ. ನಗಲಿಲ್ಲ.

ಅಂದಾಜು ಯಾಕೆ ಕೆಲಸ ಮಾಡಲ್ಲ? ಕರಿಮದ್ದಿನ ಕಾಲದಲ್ಲಿ ಸ್ವಲ್ಪ ಹೆಚ್ಚು ಕಮ್ಮಿ ಆದ್ರೂ ಎಷ್ಟೋ ಸಲ ಬಚಾವಾಗ್ತಿದ್ರು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆ ಬಾರದ ಮದ್ದು ಕಂಡುಹಿಡಿದ ಮೇಲೆ ಆಟವೇ ಬದಲಾಯ್ತು. ಅದೇ ಜಾಗದಲ್ಲಿ ಎಷ್ಟೋ ಪಟ್ಟು ಶಕ್ತಿ. ರೈಫಲ್ ಗುಂಡಿನ ವೇಗ ತುಂಬಾ ಏರಿತು, ಬರೀ ಸೀಸ ತಡೀಲಿಲ್ಲ, ತಾಮ್ರ ನಿಕ್ಕಲ್ಲಿನ ಕವಚ ಬಂತು. ಪಿಸ್ತೂಲಿನ ವೇಗ ಕಮ್ಮಿ, ಹಾಗಾಗಿ ಅಲ್ಲಿ ತವರ, ಆಂಟಿಮನಿ ಬೆರೆಸಿ ಗಟ್ಟಿ ಮಾಡಿದ ಸೀಸ ಉಳ್ಕೊಂಡಿತು. ಜಿಡ್ಡಿನ ಜಾಗಕ್ಕೆ ಈಗ ಒಲೆಯಲ್ಲಿ ಬೇಯಿಸಿದ ಪಾಲಿಮರ್ ಲೇಪ. ಕೆಂಪು, ಹಸಿರು, ನೀಲಿ. ಥೇಟ್ ಲಿಪ್‌ಸ್ಟಿಕ್.

ಹಾಗಾದ್ರೆ ಫ್ರೆಂಡ್‌ನ ಪ್ರಶ್ನೆಗೆ ಉತ್ತರ? ಅನುಭವಿಗಳು ಹೇಳೋದು ಸರಳ. ಬಣ್ಣ ಏನೇ ಇರಲಿ, ಒಳಗಿರೋದು ಸೀಸ. ಗುಂಡು ಮಾಡಿದವರೇ ಲೆಕ್ಕ ಕೊಟ್ಟಿದ್ರೆ ಅದು ಮೊದಲು. ಇಲ್ಲದಿದ್ರೆ ಅದೇ ತೂಕ, ಅದೇ ಆಕಾರದ ಸೀಸದ ಗುಂಡಿಗೆ ಮದ್ದಿನ ಕಂಪನಿ ಅಚ್ಚು ಹಾಕಿದ ಲೆಕ್ಕ, ಅದರಲ್ಲೂ ಅತಿ ಕಡಿಮೆ ಅಂಕಿಯಿಂದ ಶುರು. ಕವಚದ ಗುಂಡಿನ ಗರಿಷ್ಠ ಅಂಕಿ ಎತ್ತಿ ಇದಕ್ಕೆ ಹಾಕೋ ಹಾಗಿಲ್ಲ. ತೂಕ ಒಂದೇ ಆದ್ರೂ ಆಕಾರ ಬೇರೆಯಾದ್ರೆ ಗುಂಡು ತೋಟಾದೊಳಗೆ ಆಳಕ್ಕೆ ಕೂರಬಹುದು. ಜಾಗ ಕಮ್ಮಿಯಾದ್ರೆ ಒತ್ತಡ ಏರುತ್ತೆ. ಅಂಕಿ ನಾನು ಹೇಳಲ್ಲ, ಹೇಳೋ ಯೋಗ್ಯತೆ ನಂಗಿಲ್ಲ. ಇನ್ನೊಂದು, ಸೀಸ ವಿಷ. ಅಡುಗೆಮನೆ ಸೌಟಿನ ಕತೆ ಕೇಳೋಕಷ್ಟೇ ಚೆನ್ನ. ಭಾರತದಲ್ಲಂತೂ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸೋಕೆ ಲೈಸೆನ್ಸ್ ಬೇಕು. ಕೊಡಗಿನ ವಿನಾಯಿತಿ ಇರೋದು ಕೋವಿ ಇಟ್ಕೊಳ್ಳೋಕೆ, ಒಯ್ಯೋಕೆ. ಮನೇಲಿ ಫ್ಯಾಕ್ಟರಿ ತೆರೆಯೋಕಲ್ಲ.

ಕೊನೇದಾಗಿ ನನ್ನ ಮಾತು. ನಾವು ಗೋಣಿಕೊಪ್ಪದಲ್ಲಿ ಅಂಗಡಿ ಇಟ್ಟ ಮನೆಯವರು. ಕೊಡವರಲ್ಲ, ಜಮ್ಮಾ ಇಲ್ಲ. ನನ್ನ ಫ್ರೆಂಡ್ ಮನೆಗೆ ಲೈಸೆನ್ಸ್ ಬೇಡ, ನಂಗೆ ಬೇಕು. ಚಿಕ್ಕವನಿದ್ದಾಗ ಇದು ಹೊಟ್ಟೆಕಿಚ್ಚು. ಬೇರೆಯವರಿಗೆ ಇದು ಕಾನೂನಿನ ಪ್ರಶ್ನೆ. ಜಾತಿ ಮತ್ತು ಜಮೀನು ನೋಡಿ ವಿನಾಯಿತಿ ಕೊಡೋದು ಸಮಾನತೆಗೆ ವಿರುದ್ಧ ಅಂತ ಹೈಕೋರ್ಟಿಗೆ ಅರ್ಜಿ ಹೋಯ್ತು. ಕೇಂದ್ರ ಸರ್ಕಾರ 2019ರಲ್ಲಿ ವಿನಾಯಿತಿಯನ್ನ 2029ರವರೆಗೆ ಮುಂದುವರಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್, ಇದು ಸ್ವಾತಂತ್ರ್ಯಪೂರ್ವದಿಂದ ಬಂದದ್ದು, ಅವಧಿಯೂ ಸೀಮಿತ ಅಂತ ಹೇಳಿ ಎತ್ತಿಹಿಡಿಯಿತು. 2029 ದೂರ ಏನಿಲ್ಲ. ಆಗ ಈ ಚರ್ಚೆ ಮತ್ತೆ ಬರುತ್ತೆ.

ಆಗ ನಾನು ಯಾವ ಕಡೆ? ನಿಜ ಹೇಳ್ತೀನಿ, ಪೂರ್ತಿ ಯಾವ ಕಡೆಯೂ ಅಲ್ಲ. ಆ ಅಜ್ಜ ತೀರ್ಕೊಂಡಾಗ ಅಂಗಳದಲ್ಲಿ ಎರಡು ಗುಂಡು ಹಾರಿದ್ದನ್ನ ನಾನು ನಮ್ಮ ಅಂಗಡಿಯಲ್ಲಿ ಕೂತು ಕೇಳಿದೆ. ಅಪ್ಪ ಏನೂ ಹೇಳದೆ ಶಟರ್ ಅರ್ಧ ಎಳೆದ್ರು. ಆ ಸದ್ದು ನಮ್ಮದೂ ಹೌದು. ಆದ್ರೆ ಯಾರನ್ನ ನಂಬಬೇಕು ಅಂತ 1861ರಲ್ಲಿ ಒಬ್ಬ ಬ್ರಿಟಿಷ್ ಅಧಿಕಾರಿ ಹಾಕಿದ ಪಟ್ಟಿಯನ್ನೇ ನಾವು ಇನ್ನೂ ಓದ್ತಿದ್ದೀವಿ ಅನ್ನೋದೂ ನಿಜ.

ಫ್ರೆಂಡ್‌ಗೆ ರಿಪ್ಲೈ ಮಾಡಿದೆ: "ಸೀಸದ ಲೆಕ್ಕ ನೋಡು, ಕಡಿಮೆಯಿಂದ ಶುರು ಮಾಡು, ಗೊತ್ತಿರೋರನ್ನ ಪಕ್ಕದಲ್ಲಿ ನಿಲ್ಲಿಸ್ಕೋ." ಅವನು ಒಂದು ಫೋಟೋ ಕಳಿಸಿದ. ಮೇಜಿನ ಮೇಲೆ ಸಣ್ಣ ಡಿಜಿಟಲ್ ತಕ್ಕಡಿ, ಪಕ್ಕದಲ್ಲಿ ಅಜ್ಜನ ಕೊಂಬಿನ ಅಳತೆ. "ಇದನ್ನ ಬಳಸಲ್ಲ, ಸುಮ್ನೆ ಇಟ್ಕೊಂಡಿದೀನಿ" ಅಂದ.

ನಿಮ್ಮ ಮನೆಯಲ್ಲೂ ಇಂಥ ಹಳೇ ಅಳತೆ, ಹಳೇ ಕಾಗದ ಏನಾದ್ರೂ ಇದ್ರೆ, ಅದರ ಕತೆ ವಾಯ್ಸ್ ನೋಟ್ ಮಾಡಿ ಕಳಿಸಿ. ಮುಂದಿನ ವಾರ ಸಿಗೋಣ.