ಜ್ಯೂರಿ, ಪೂರ್ವಗ್ರಹ ಮತ್ತು ಸಂಶಯದ ಲಾಭ

ಜ್ಯೂರಿ ಎಂದರೆ ಆರೋಪ ರುಜುವಾತಾಗಿದೆಯೇ ಎಂಬುದನ್ನು ಸಾಮಾನ್ಯ ನಾಗರಿಕರೇ ಕೂತು ತೀರ್ಮಾನಿಸುವ ಪದ್ಧತಿ. 1959ರಲ್ಲಿ ಮುಂಬಯಿಯ ನಾನಾವತಿ ಕೊಲೆ ಮೊಕದ್ದಮೆಯಲ್ಲಿ 9 ಜ್ಯೂರಿ ಸದಸ್ಯರ ಪೈಕಿ 8 ಮಂದಿ ಆರೋಪಿ ನಾನಾವತಿ ನಿರ್ದೋಷಿ ಎಂದರು. ಪತ್ರಿಕೆಗಳು ಎಬ್ಬಿಸಿದ್ದ ಅನುಕಂಪ ಅವರನ್ನೂ ತಟ್ಟಿತೆಂಬ ಆಕ್ಷೇಪ ಉಳಿದಿದೆ. ಸೆಷನ್ಸ್ ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಅಲ್ಲಾದ ಶಿಕ್ಷೆಯನ್ನು 1961ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಜ್ಯೂರಿ ತನ್ನ ತೀರ್ಮಾನಕ್ಕೆ ಕಾರಣ ಬರೆಯಬೇಕಿರಲಿಲ್ಲ. ಪೂರ್ವಗ್ರಹಕ್ಕೆ ಇದಕ್ಕಿಂತ ಒಳ್ಳೆಯ ಮರೆ ಸಿಗದು.

1973ರ ದಂಡ ಪ್ರಕ್ರಿಯಾ ಸಂಹಿತೆ ಜ್ಯೂರಿಯನ್ನು ಕೈಬಿಟ್ಟಿತು. 1986ರಲ್ಲಿ ರಚನೆಯಾದ ಬೆಂಗಳೂರು ಗ್ರಾಮಾಂತರ ಜಿಲ್ಲೆ ಅದನ್ನು ಕಂಡೇ ಇಲ್ಲ. ಅಲ್ಲಿನ ದೊಡ್ಡಬಳ್ಳಾಪುರದ ಕೊಲೆ ಮೊಕದ್ದಮೆಯೊಂದರಲ್ಲಿ ಸಾಕ್ಷಿ ತಿರುಗಿಬಿದ್ದರೆ, ಪಂಚನಾಮೆ ತಾಳೆಯಾಗದಿದ್ದರೆ, ಆರೋಪಿಗೆ ಸಂಶಯದ ಲಾಭ ಏಕೆಂಬುದನ್ನು ನ್ಯಾಯಾಧೀಶರು ತೀರ್ಪಿನಲ್ಲಿ ಬರೆಯಲೇಬೇಕು. ಮೇಲ್ಮನವಿಯಲ್ಲಿ ಹೈಕೋರ್ಟ್ ಅದನ್ನು ಒರೆಗೆ ಹಚ್ಚಬಹುದು. ಜ್ಯೂರಿ ಕೋಣೆಯ ಜಗಳ ಕನ್ನಡಿಗರಿಗೆ ಸಿಕ್ಕಿದ್ದು ತೆರೆಯ ಮೇಲೆ, 'ದಶಮುಖ' ಚಿತ್ರದಲ್ಲಿ (2012).