ಕೋಕೋ ಗಿಡ, ಅದರ ಒಡಹುಟ್ಟು ಕುಪುವಾಸು



ದಾವಣಗೆರೆ, ಹರಿಹರಗಳ ನಡುವೆ ಇರುವ ನಮ್ಮ ಬಾತಿಯ ಸುತ್ತಮುತ್ತ ಭತ್ತ, ಮೆಕ್ಕೆಜೋಳ ಎಲ್ಲರಿಗೂ ಗೊತ್ತಿರುವ ಬೆಳೆಗಳು. ಚನ್ನಗಿರಿ ಕಡೆ ಹೋದರೆ ಅಡಿಕೆ ತೋಟಗಳೇ ತೋಟಗಳು. ನೀರಿನ ಅನುಕೂಲ ಇದ್ದವರು ನಮ್ಮ ಕಡೆಯೂ ಅಡಿಕೆ ಇಡುತ್ತಿದ್ದಾರೆ. ಅಡಿಕೆ ಇಟ್ಟ ಮೇಲೆ ಒಂದು ಪ್ರಶ್ನೆ ತಾನಾಗಿ ಬರುತ್ತದೆ: ಸಾಲಿನ ನಡುವೆ ಏನು ಹಾಕೋಣ? ಒಬ್ಬರು ಬಾಳೆ ಅಂತಾರೆ, ಇನ್ನೊಬ್ಬರು ಮೆಣಸು ಅಂತಾರೆ, ಕೋಕೋ ಹಾಕ್ರಿ ಅನ್ನುವವರೂ ಉಂಟು.

2024ರಲ್ಲಿ ಪರದೇಶದ ಪೇಟೆಯಲ್ಲಿ ಒಣಗಿದ ಕೋಕೋ ಬೀಜದ ಧಾರಣೆ ಟನ್ನಿಗೆ 10,000 ಡಾಲರು ದಾಟಿತು. ಆಫ್ರಿಕಾದ ಐವರಿ ಕೋಸ್ಟ್, ಘಾನಾ ದೇಶಗಳಲ್ಲಿ ಮಳೆ ಹೆಚ್ಚುಕಡಿಮೆಯಾಗಿ, ರೋಗ ಬಿದ್ದು, ಬೆಳೆ ಕೈಕೊಟ್ಟಿದ್ದೇ ಅದಕ್ಕೆ ಕಾರಣ. 2025ರಲ್ಲಿ ಅದೇ ಧಾರಣೆ ಜರ್ರನೆ ಇಳಿಯಿತು. ಹೀಗೆ ಏರಿ ಇಳಿಯುವ ಬೆಳೆಗೆ ಕೈ ಹಾಕುವ ಮುಂಚೆ ಅದರ ಪೂರ್ವೋತ್ತರ ತಿಳಿದಿರುವುದು ಒಳ್ಳೆಯದು. ಆದ್ದರಿಂದ ಈ ದಿವಸ ಕೋಕೋ ಮರದ ಕಥೆಯನ್ನೂ, ಅದರ ಒಡಹುಟ್ಟಾದ ಕುಪುವಾಸು ಎಂಬ ಹಣ್ಣಿನ ಮರದ ಕಥೆಯನ್ನೂ ಕೂಡಿಯೇ ಹೇಳುತ್ತೇನೆ.

ಎರಡಕ್ಕೂ ತವರು ದಕ್ಷಿಣ ಅಮೆರಿಕದ ಅಮೆಜಾನ್ ಕಾಡು. ಸದಾ ಮಳೆ, ಸದಾ ಬೆವರು ಇಳಿಸುವ ಸೆಕೆ. ಅಲ್ಲಿ ದೊಡ್ಡ ಮರಗಳ ನೆರಳಲ್ಲಿ ಇವು ಬೆಳೆಯುತ್ತವೆ. 1753ರಲ್ಲಿ ಲಿನ್ನೇಯಸ್ ಎಂಬ ಸಸ್ಯಶಾಸ್ತ್ರಜ್ಞ ಈ ಕುಲಕ್ಕೆ ‘ಥಿಯೋಬ್ರೋಮ’ ಎಂದು ಹೆಸರಿಟ್ಟ. ದೇವರ ಆಹಾರ ಎಂದು ಅದರ ಅರ್ಥ. ಈ ಕುಲದಲ್ಲಿ ಇಪ್ಪತ್ತಕ್ಕೂ ಮೇಲ್ಪಟ್ಟು ಜಾತಿಗಳಿವೆ. ಲೋಕವೆಲ್ಲ ಅರಿತದ್ದು ಕೋಕೋ ಒಂದನ್ನೇ.

ಕುಪುವಾಸು ಹೇಗಿರುತ್ತದೆ ಅಂತೀರಾ? ಹಣ್ಣು ಒಂದರಿಂದ ಎರಡು ಕಿಲೋ ತೂಗುತ್ತದೆ. ಮೇಲೆ ಕಂದು ಬಣ್ಣದ ಗಟ್ಟಿ ಸಿಪ್ಪೆ, ಮುಟ್ಟಿದರೆ ನವಿರು ಧೂಳಿನಂಥ ರೋಮ. ಹಣ್ಣಾದಾಗ ತಾನೇ ನೆಲಕ್ಕೆ ಬೀಳುತ್ತದೆ, ಆಯ್ದುಕೊಂಡರೆ ಆಯಿತು. ಒಡೆದರೆ ಮನೆಯೆಲ್ಲ ಘಮಘಮ. ಒಳಗೆ ಬಿಳಿ ತಿರುಳು, ಅದರ ರುಚಿ ಹುಳಿಸಿಹಿ. ತಿರುಳು ಬೀಜಕ್ಕೆ ಎಷ್ಟು ಗಟ್ಟಿಯಾಗಿ ಅಂಟಿರುತ್ತದೆಂದರೆ, ಅಲ್ಲಿಯ ಹೆಣ್ಣುಮಕ್ಕಳು ಕತ್ತರಿ ಹಿಡಿದು ಬಿಡಿಸುತ್ತಾರೆ. ತಿರುಳಿನಿಂದ ಪಾನಕ, ಮಿಠಾಯಿ, ಜಾಮು, ಐಸ್‌ಕ್ರೀಮು ಮಾಡುತ್ತಾರೆ. ಬೀಜದಿಂದ ಬೆಣ್ಣೆಯಂಥ ಜಿಡ್ಡು ಬರುತ್ತದೆ, ಅದನ್ನು ಮೈಗೆ ಹಚ್ಚುವ ಲೇಪಗಳಿಗೆ ಹಾಕುತ್ತಾರೆ. ಅದೇ ಬೀಜವನ್ನು ಹುಳಿಸಿ, ಒಣಗಿಸಿ, ಹುರಿದು ಅರೆದರೆ ಚಾಕಲೇಟಿನಂಥ ತಿನಿಸೂ ಆಗುತ್ತದೆ. ಈ ಮರ ತಾನಾಗಿ ಹುಟ್ಟಿದ್ದಲ್ಲ. ಕುಪುಯಿ ಎಂಬ ಕಾಡುಜಾತಿಯಿಂದ ಅಮೆಜಾನಿನ ಮೂಲನಿವಾಸಿಗಳು ಐದರಿಂದ ಎಂಟು ಸಾವಿರ ವರ್ಷಗಳ ಹಿಂದೆ ಆರಿಸಿ ಆರಿಸಿ ಬೆಳೆಸಿದ್ದು ಎಂದು 2024ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು.

ಅಷ್ಟು ಹಳೆಯ ಹಣ್ಣಿನ ಹೆಸರಿಗೂ ಒಮ್ಮೆ ಸಂಚಕಾರ ಬಂತು. 1998ರಲ್ಲಿ ಜಪಾನಿನ ಒಂದು ಕಂಪನಿ ‘ಕುಪುವಾಸು’ ಎಂಬ ಪದವನ್ನೇ ತನ್ನ ವ್ಯಾಪಾರದ ಗುರುತಾಗಿ ನೋಂದಾಯಿಸಿಕೊಂಡಿತು. ಬೆಳೆದವರು ತಮ್ಮ ಹಣ್ಣಿನ ಮಾಲನ್ನು ಆ ದೇಶಕ್ಕೆ ಕಳಿಸುವಾಗ ಅದರ ಹೆಸರನ್ನೇ ಬರೆಯುವ ಹಾಗಿಲ್ಲ ಎನ್ನುವಂತಾಯಿತು. ಮಾವಿನಹಣ್ಣು ಮಾರುವಾಗ ಮಾವು ಅನ್ನಬೇಡ ಎಂದರೆ ನಮಗೆ ಹೇಗಾದೀತು, ಯೋಚಿಸಿ. ಬ್ರೆಜಿಲಿನ ಜನ ಸುಮ್ಮನೆ ಕೂಡಲಿಲ್ಲ, ಆಕ್ಷೇಪಣೆ ಹಾಕಿದರು. 2004ರ ಮಾರ್ಚಿಯಲ್ಲಿ ಜಪಾನಿನ ಪೇಟೆಂಟ್ ಕಚೇರಿಯೇ ಆ ನೋಂದಣಿಯನ್ನು ರದ್ದುಮಾಡಿತು. 2008ರಲ್ಲಿ ಬ್ರೆಜಿಲ್ ಕಾನೂನು ಮಾಡಿ ಕುಪುವಾಸುವನ್ನು ತನ್ನ ರಾಷ್ಟ್ರೀಯ ಹಣ್ಣೆಂದು ಸಾರಿತು.

ಈಗ ನಮ್ಮ ಕಡೆಗೆ ಬರೋಣ. ಕೋಕೋ ಭಾರತಕ್ಕೆ ಬಂದದ್ದು 1798ರಲ್ಲಿ. ಕಂಪನಿ ಸರಕಾರದವರು ತಮಿಳುನಾಡಿನ ಕುರ್ತಾಲಂನಲ್ಲಿ ನೆಡಿಸಿ ನೋಡಿದರು. ಆದರೆ ರೈತರ ತೋಟಕ್ಕೆ ಇಳಿದದ್ದು ತೀರ ಈಚೆಗೆ. 1960ರ ದಶಕದಲ್ಲಿ ಚಾಕಲೇಟು ಕಂಪನಿಯೊಂದು ವಯನಾಡಿನಲ್ಲಿ ಮಾದರಿ ತೋಟ ಹಾಕಿತು. 1970ರ ದಶಕದಲ್ಲಿ ಕೇರಳ, ದಕ್ಷಿಣ ಕನ್ನಡಗಳ ಅಡಿಕೆ, ತೆಂಗಿನ ತೋಟಗಳಿಗೆ ಕೋಕೋ ಹಬ್ಬಿತು. ವಿಟ್ಲದ ಸಂಶೋಧನಾ ಕೇಂದ್ರದವರು ಅಡಿಕೆಯ ನಡುವೆ ಅದನ್ನು ಹೇಗೆ ಬೆಳೆಯಬೇಕೆಂದು ತೋರಿಸಿದರು. ಗಿಡ ಒಗ್ಗಿತು, ಕಾಂಡದ ತುಂಬ ಕಾಯಿ ಬಂತು. ಉದುರಿದ ಎಲೆಯಿಂದ ತೋಟಕ್ಕೆ ಹೊದಿಕೆಯೂ ಆಯಿತು.

ಆಮೇಲೆ ಬಂತು ನೋಡಿ ಪೆಟ್ಟು. 1980ರ ಸುಮಾರಿಗೆ ಲೋಕದ ಪೇಟೆಯಲ್ಲಿ ಬೆಲೆ ಕುಸಿಯಿತು. ಕೊಳ್ಳುತ್ತಿದ್ದ ಖಾಸಗಿಯವರು ಹಿಂದೆ ಸರಿದರು. ಕೋಕೋ ಬೀಜ ರಾಗಿಯಲ್ಲ, ಜೋಳವಲ್ಲ. ಕಣಜಕ್ಕೆ ತುಂಬಿ ಇಡಲು ಬರುವುದಿಲ್ಲ. ಮನೆಯಲ್ಲಿ ಬೇಯಿಸಿ ಉಣ್ಣಲೂ ಬಾರದು. ಹಸಿ ಬೀಜವನ್ನು ಆಗಿಂದಾಗ ಮಾರಬೇಕು, ಇಲ್ಲವೆ ಹುಳಿಸಿ ಒಣಗಿಸಬೇಕು. ಕೊಳ್ಳುವವನೇ ಇಲ್ಲದ ಮೇಲೆ ಎಷ್ಟೋ ಮಂದಿ ಬೇಸತ್ತು ಗಿಡಗಳನ್ನೇ ಕಡಿದು ಹಾಕಿದರು. ಹತ್ತಿ ಗಿರಣಿಗಳ ಊರಾಗಿದ್ದ ದಾವಣಗೆರೆಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಳ್ಳುವ ಬಾಗಿಲು ಮುಚ್ಚಿದರೆ ಬೆಳೆದವನ ಪಾಡೇನು ಎಂಬುದು ನಿಮಗೆ ಗೊತ್ತೇ ಇದೆ.

ಆಗ ಕೈ ಹಿಡಿದದ್ದು ರೈತರದೇ ಸಹಕಾರ ಸಂಸ್ಥೆ. ಅಡಿಕೆ ಬೆಳೆಗಾರರ ಹಿತಕ್ಕಾಗಿ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊ, ಕೋಕೋ ಖರೀದಿಗೂ ಇಳಿಯಿತು. ಕೊಂಡರಷ್ಟೇ ಸಾಲದು, ಅರೆಯುವ ಯಂತ್ರವೂ ನಮ್ಮ ಕೈಯಲ್ಲಿರಬೇಕು ಎಂದು ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟು ಕಾರ್ಖಾನೆ ಕಟ್ಟಿದರು. 1986ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ಜೈಲ್‌ಸಿಂಗರು ಅದನ್ನು ಉದ್ಘಾಟಿಸಿದರು. ಬೀಜ ಬೆಳೆದವರೇ ಚಾಕಲೇಟಿಗೂ ಒಡೆಯರಾದರು.

ಅದೇ ಹೊತ್ತಿಗೆ ಸಾವಿರಾರು ಮೈಲಿ ದೂರದ ಅಮೆಜಾನಿನಲ್ಲೂ ಇಂಥದೇ ಸಂಗತಿ ನಡೆಯುತ್ತಿತ್ತು. ಅಲ್ಲಿಯ ಟೊಮೆ-ಅಸು ಎಂಬ ಊರಿಗೆ 1929ರಲ್ಲಿ ಜಪಾನಿನಿಂದ ಒಕ್ಕಲು ಕುಟುಂಬಗಳು ವಲಸೆ ಬಂದವು. ಅವರ ಕೈ ಹಿಡಿದದ್ದು ಕರಿಮೆಣಸು, ಅಂದರೆ ನಮ್ಮ ಪಶ್ಚಿಮ ಘಟ್ಟದಲ್ಲಿ ಹುಟ್ಟಿದ ಬಳ್ಳಿ! ಬರೀ ಮೆಣಸನ್ನೇ ನಂಬಿದ್ದರು. ಬೇರು ಕೊಳೆಸುವ ರೋಗ ಬಂದು ತೋಟಗಳು ನೆಲಕಚ್ಚಿದವು. ಆಗ ಬುದ್ಧಿ ಕಲಿತು ಮೆಣಸು, ಕೋಕೋ, ಕುಪುವಾಸು, ಕಾಡುಮರಗಳನ್ನು ಒಂದೇ ತೋಟದಲ್ಲಿ ಬೆಳೆಸಿದರು. ಕುಪುವಾಸು ತಿರುಳು ಒಂದೆರಡು ದಿನಕ್ಕೆ ಕೆಡುವ ವಸ್ತುವಾದ್ದರಿಂದ, 1987ರಲ್ಲಿ ತಮ್ಮ ಸಹಕಾರ ಸಂಘದಿಂದಲೇ ತಿರುಳು ತೆಗೆದು ಶೈತ್ಯಗೊಳಿಸುವ ಕಾರ್ಖಾನೆ ಹಾಕಿಕೊಂಡರು. ಪುತ್ತೂರಿನವರಿಗೂ ಅವರಿಗೂ ಮಾತುಕತೆ ಇರಲಿಲ್ಲ. ಆದರೂ ಕಷ್ಟ ಇಬ್ಬರಿಗೂ ಒಂದೇ ದಾರಿ ತೋರಿಸಿತು.

ಹಾಗಾದರೆ ಬಾತಿಯಲ್ಲಿ ಕುಪುವಾಸು ನೆಡೋಣವೇ? ಬೇಡಿ. ಅದಕ್ಕೆ ಬೇಕಾದ ಮಳೆ, ತಂಪು ನಮ್ಮ ಬಯಲುಸೀಮೆಯಲ್ಲಿ ಇಲ್ಲ. ಕೋಕೋ ಆದರೆ ಆದೀತು, ಆದರೆ ಬಯಲಿಗಲ್ಲ. ಅಡಿಕೆ ಎತ್ತರ ಬೆಳೆದು ನೆರಳು ಕೊಡುವಂತಿರಬೇಕು, ಬೇಸಗೆಯಲ್ಲಿ ನೀರು ತಪ್ಪಬಾರದು, ಒಣಗಾಳಿಗೆ ತಡೆ ಇರಬೇಕು. ಅಡಿಕೆಯನ್ನು ಒಂಬತ್ತು ಅಡಿಗೊಂದರಂತೆ ಇಟ್ಟಿದ್ದರೆ, ಕೋಕೋವನ್ನು ಒಂದು ಸಾಲು ಬಿಟ್ಟು ಒಂದು ಸಾಲಿಗೆ ಹಾಕುವುದು ವಾಡಿಕೆ. ಇಲಿ, ಅಳಿಲುಗಳ ಕಾಟವನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಸಿ ಬೀಜವನ್ನು ಬುಟ್ಟಿಯಲ್ಲಿ ತುಂಬಿ, ಎಲೆ ಮುಚ್ಚಿ, ನಡುನಡುವೆ ತಿರುವುತ್ತ ಐದಾರು ದಿನ ಹುಳಿಸಿ, ಬಿಸಿಲಿಗೆ ಚೆನ್ನಾಗಿ ಒಣಗಿಸಿದರೆ ಮಾತ್ರ ಚಾಕಲೇಟಿನ ಘಮ ಬರುತ್ತದೆ. ಮೂರು ಕಿಲೋ ಹಸಿ ಬೀಜಕ್ಕೆ ಹೆಚ್ಚುಕಡಿಮೆ ಒಂದು ಕಿಲೋ ಒಣ ಬೀಜ ಎಂದು ಇಟ್ಟುಕೊಳ್ಳಿ.

ಇವೆಲ್ಲಕ್ಕಿಂತ ಮುಂಚೆ ಕೇಳಬೇಕಾದ ಮಾತು ಬೇರೆ ಇದೆ. ಹಸಿ ಬೀಜ ಕೊಳ್ಳುವವರು ನಮ್ಮ ಊರಿಗೆ ಎಷ್ಟು ದೂರ? ಎಷ್ಟು ದಿನಕ್ಕೊಮ್ಮೆ ಬರುತ್ತಾರೆ? ಒಬ್ಬರೇ ಬೆಳೆದರೆ ಐದು ಕಿಲೋ ಬೀಜಕ್ಕಾಗಿ ಯಾರು ಬಂದಾರು? ಹತ್ತು ಮನೆಯವರು ಕೂಡಿ ಬೆಳೆದರೆ, ಕೂಡಿ ಹುಳಿಸಿ ಒಣಗಿಸಿದರೆ, ಮಾತಾಡಲು ಒಂದು ಬಲ ಬರುತ್ತದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬೇಡಿ ಅಂತಾರೆ. ಕೋಕೋ ಮಟ್ಟಿಗೆ ಮಾತ್ರ, ಗಿಡ ನೆಡುವ ಮುನ್ನವೇ ಮಾರುವ ಜಾಗ ಗೊತ್ತುಮಾಡಿಕೊಳ್ಳಿ. ಸಂಜೆ ಮನೆಯವರೆಲ್ಲ ಕೂತು, ನೆರೆಯವರನ್ನೂ ಕರೆದು, ಈ ಲೆಕ್ಕ ಮಾಡಿ ನೋಡಿ. ಆಮೇಲೆ ಗುಂಡಿ ತೋಡುವ ಮಾತು.