ಫೇಗಿನ್‌ನ ಮೂಗು

ಡೇವಿಡ್ ಲೀನ್‌ನ ‘ಆಲಿವರ್ ಟ್ವಿಸ್ಟ್’ (1948) ಶುರುವಾಗೋದು ಒಂದೂ ಮಾತಿಲ್ಲದೆ. ಬಿರುಗಾಳಿ, ಮಿಂಚು, ಮುಳ್ಳುಕಂಟಿ, ಹೊಟ್ಟೆ ಹಿಡ್ಕೊಂಡು ಅನಾಥಾಲಯದ ದೀಪದ ಕಡೆ ನಡೆಯುವ ತುಂಬು ಗರ್ಭಿಣಿ. ಡಿಕನ್ಸ್‌ನ ಕಾದಂಬರಿಯಲ್ಲಿ ಈ ದೃಶ್ಯವೇ ಇಲ್ಲ. ಇದು ಹೊಳೆದದ್ದು ನಾನ್ಸಿ ಪಾತ್ರ ಮಾಡಿದ ಕೇ ವಾಲ್ಶ್‌ಗೆ.

ಆಮೇಲೆ ಫೇಗಿನ್ ಬರ್ತಾನೆ, ಅನಾಥ ಹುಡುಗರಿಗೆ ಜೇಬುಗಳ್ಳತನ ಕಲಿಸುವ ಯಹೂದಿ ಮುದುಕ. ಆ ಪಾತ್ರದಲ್ಲಿ ಅಲೆಕ್ ಗಿನ್ನೆಸ್, ಆಗಿನ್ನೂ 35 ದಾಟಿರಲಿಲ್ಲ. ಮೇಕಪ್ ಸ್ಟುವರ್ಟ್ ಫ್ರೀಬಾರ್ನ್‌ದು. (ಹೌದು, ಮುಂದೆ ‘ಸ್ಟಾರ್ ವಾರ್ಸ್’ನ ಓಬಿ-ವಾನ್ ಆದವನೂ ಯೋಡಾನನ್ನು ರೂಪಿಸಿದವನೂ ಇವರಿಬ್ಬರೇ!) ಆ ಕೊಕ್ಕಿನಂಥ ಮೂಗು ನೋಡಿ ಮೊದಲ ಸಲ ನಾನು ನಕ್ಕಿದ್ದೆ. ನಗಬಾರದಿತ್ತು ಅಂತ ಗೊತ್ತಾಗಿದ್ದು ಇತಿಹಾಸ ಓದಿದ ಮೇಲೆ.

1860ರಲ್ಲಿ ಡಿಕನ್ಸ್ ತನ್ನ ಲಂಡನ್ ಮನೆಯನ್ನು ಡೇವಿಸ್ ಎಂಬ ಯಹೂದಿ ದಂಪತಿಗೆ ಮಾರಿದ. ಮೂರು ವರ್ಷದ ನಂತರ ಎಲೈಜಾ ಡೇವಿಸ್ ಅವನಿಗೊಂದು ಪತ್ರ ಬರೆದಳು: ಫೇಗಿನ್ ಮೂಲಕ ನೀವು ನಮ್ಮ ಜನಕ್ಕೆ ಅನ್ಯಾಯ ಮಾಡಿದ್ದೀರಿ, ಅಂತ. ಡಿಕನ್ಸ್ ಮೊದಲು ಸಮರ್ಥನೆ ಕೊಟ್ಟ. ಆದರೆ ಮಾತು ಮನಸ್ಸಿಗೆ ನಾಟಿರಬೇಕು. ‘ಅವರ್ ಮ್ಯೂಚುವಲ್ ಫ್ರೆಂಡ್’ನಲ್ಲಿ ರಿಯಾ ಎಂಬ ಸಜ್ಜನ ಯಹೂದಿಯನ್ನು ತಂದ. 1867ರ ಆವೃತ್ತಿಯಲ್ಲಿ ಫೇಗಿನ್‌ನನ್ನು ಮಾತುಮಾತಿಗೆ ‘ಯಹೂದಿ’ ಅಂತ ಕರೆದದ್ದನ್ನು, ಅದರಲ್ಲೂ ಕೊನೆಯ ಅಧ್ಯಾಯಗಳಲ್ಲಿ, ಎಷ್ಟೋ ಕಡೆ ಹೊಡೆದುಹಾಕಿದ. ಬದುಕಿರುವಾಗಲೇ ತನ್ನ ಜನಪ್ರಿಯ ಪುಸ್ತಕವನ್ನು ಹೀಗೆ ತಿದ್ದಿದ ಲೇಖಕರು ಎಷ್ಟು ಜನ ಸಿಗ್ತಾರೆ ಹೇಳಿ?

ಪದಗಳನ್ನೇನೋ ತಿದ್ದಿದ. ಆದರೆ 1837ರಲ್ಲಿ ಧಾರಾವಾಹಿ ಶುರುವಾದಾಗಿನಿಂದ ಜಾರ್ಜ್ ಕ್ರೂಕ್‌ಶ್ಯಾಂಕ್ ಬರೆದ ಚಿತ್ರಗಳು ಹಾಗೇ ಉಳಿದವು. ಲೀನ್ ತಂಡ ಮೇಕಪ್‌ಗೆ ಮಾದರಿಯಾಗಿ ಇಟ್ಟುಕೊಂಡದ್ದು ಆ ಚಿತ್ರಗಳನ್ನೇ! ಲೀನ್‌ಗೆ ದ್ವೇಷವಿತ್ತು ಅಂತ ನನಗನ್ನಿಸೋದಿಲ್ಲ. ಮೂಲಕ್ಕೆ ನಿಷ್ಠನಾಗಿದ್ದೇನೆ ಅಂದ್ಕೊಂಡಿದ್ದ, ಅಷ್ಟೇ. ಅಮೆರಿಕದ ಸೆನ್ಸಾರ್ ಕಚೇರಿ ಮೊದಲೇ ಎಚ್ಚರಿಸಿದ್ರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹಿಟ್ಲರ್ ಸತ್ತು ನಾಲ್ಕು ವರ್ಷವೂ ತುಂಬಿರಲಿಲ್ಲ. 1949ರ ಫೆಬ್ರವರಿಯಲ್ಲಿ ಸಿನಿಮಾ ಬರ್ಲಿನ್‌ಗೆ ಬಂತು. ಶಿಬಿರಗಳಿಂದ ಬದುಕಿ ಬಂದವರು ಥಿಯೇಟರ್ ಮುಂದೆ ಸೇರಿದ್ರು, ಪೊಲೀಸರ ಜೊತೆ ಘರ್ಷಣೆಯಾಯ್ತು, ಚಿತ್ರವನ್ನು ಎತ್ತಂಗಡಿ ಮಾಡಬೇಕಾಯ್ತು. ಅಮೆರಿಕದಲ್ಲಿ ಅದು ತೆರೆ ಕಂಡದ್ದು 1951ರಲ್ಲಿ, ಫೇಗಿನ್‌ನ ಮುಖ ಪಕ್ಕದಿಂದ ಕಾಣುವ ಶಾಟ್‌ಗಳಿಗೆ ಕತ್ತರಿ ಬಿದ್ದ ಮೇಲೆ.